ಭೂತ ಅಲ್ಲ ಸರ್, ಭೋಟ್

ವೀಕ್ಷಕರೇ, ಮೊದಲಿಗೆ ನನ್ನದೊಂದು ತಪ್ಪು ಒಪ್ಪಿಕೊಂಡುಬಿಡ್ತೀನಿ. 2007ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ನಮ್ಮ ಭಾರತದ್ದು ಅಂತ ಗಿನ್ನೆಸ್‌ನವರು ಒಪ್ಪಿಕೊಂಡ ಸುದ್ದಿ ಬಂತಲ್ಲ, ಅವತ್ತು ರಾತ್ರಿ ಆ ಸುದ್ದಿ ಓದಿದವನು ನಾನೇ. ಪರದೆ ಮೇಲೆ ತಲೆಬುರುಡೆ, ಅದರ ಕಣ್ಣಲ್ಲಿ ಬೆಂಕಿ, ಹಿಂದೆ ಹಾರರ್ ಸಿನಿಮಾದ ಸಂಗೀತ. ಕೆಳಗೆ ದಪ್ಪಕ್ಷರದಲ್ಲಿ ‘ದೆವ್ವದ ಮೆಣಸಿನಕಾಯಿ’. ಭೂತ್ ಜೊಲೊಕಿಯಾ ಅನ್ನೋ ಹೆಸರು ಏಜೆನ್ಸಿ ಸುದ್ದಿಯಲ್ಲಿ ಬಂದಿತ್ತು, ಇಂಗ್ಲಿಷ್‌ನವರು ಗೋಸ್ಟ್ ಪೆಪ್ಪರ್ ಅಂದಿದ್ದರು. ಭೂತ ಅಂದ್ರೆ ದೆವ್ವ, ಇನ್ನೇನು ಬೇಕು? ನಾನೂ ದನಿ ತಗ್ಗಿಸಿ, ಹುಬ್ಬು ಏರಿಸಿ, ಎರಡು ನಿಮಿಷ ಆ ದೆವ್ವವನ್ನು ಕುಣಿಸಿದೆ.

ರಾತ್ರಿ ಹನ್ನೊಂದಕ್ಕೆ ಮನೆಗೆ ಹೊರಟಾಗ ಗೇಟಿನಲ್ಲಿ ಸೆಕ್ಯೂರಿಟಿ ಹುಡುಗ ಸಲ್ಯೂಟ್ ಹೊಡೆದು ಪಕ್ಕಕ್ಕೆ ಬಂದ. ಅಸ್ಸಾಮಿನ ಲಖೀಂಪುರ ಜಿಲ್ಲೆಯವನು. ಹೆಸರು ಇಲ್ಲಿ ಬೇಡ. ಅರ್ಧ ಹಿಂದಿ, ಕಾಲು ಕನ್ನಡದಲ್ಲಿ ಅವನು ಹೇಳಿದ್ದು ಇಷ್ಟು: ‘ಸರ್, ಟೀವಿಯಲ್ಲಿ ತಪ್ಪು ಹೇಳಿದ್ರಿ. ಅದು ಭೂತ ಅಲ್ಲ ಸರ್, ಭೋಟ್.’ ನನಗೆ ವೋಟ್ ಅಂತ ಕೇಳಿಸ್ತು. ಚುನಾವಣೆಗೂ ಮೆಣಸಿನಕಾಯಿಗೂ ಏನಪ್ಪಾ ಸಂಬಂಧ ಅಂದೆ. ಅವನು ನಕ್ಕ. ತಮಾಷೆ ಏನಂದ್ರೆ ಅಸ್ಸಾಮಿ ಭಾಷೆಯಲ್ಲಿ ಮತಕ್ಕೂ ಭೋಟ್ ಅಂತಲೇ ಬರೀತಾರೆ. ಆದರೆ ಇದು ಆ ಭೋಟ್ ಅಲ್ಲ. ಭೋಟ್ ಅಂದ್ರೆ ಭೂತಾನದ ಕಡೆಯವರು, ಬೆಟ್ಟದ ಮೇಲಿನ ಭೋಟಿಯಾ ಜನ. ಜೊಲೊಕಿಯಾ ಅಂದ್ರೆ ಮೆಣಸಿನಕಾಯಿ. ಬೆಟ್ಟದ ಕಡೆಯಿಂದ ಇಳಿದು ಬಂದ ಮೆಣಸಿನಕಾಯಿ, ಅಷ್ಟೆ. ದೆವ್ವ ಇಲ್ಲ, ಬುರುಡೆ ಇಲ್ಲ.

ಆ ಹುಡುಗ ಅಂದಿದ್ದು ತಲೆಯಲ್ಲಿ ಉಳಿದುಬಿಡ್ತು. ಆಮೇಲೆ ಬಿಡುವಾದಾಗಲೆಲ್ಲ ಈ ಮೆಣಸಿನಕಾಯಿಯ ಹಿಂದೆ ಬಿದ್ದು ಓದಿದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಗ್ತಾ ಹೋಯ್ತು. ಅತಿ ಖಾರದ ಮೆಣಸಿನಕಾಯಿಯ ಚರಿತ್ರೆ ಅಂದ್ರೆ ಬೆಳೆದವರು ಒಬ್ಬರು, ಹೆಸರಿಟ್ಟವರು ಇನ್ನೊಬ್ಬರು, ಅಳತೆ ಹಾಕಿದವರು ಮತ್ತೊಬ್ಬರು, ಕಾಸು ಮಾಡಿದವರು ಮಗದೊಬ್ಬರು.

ಈ ತಪ್ಪು ಹೆಸರಿನ ಕಥೆ ಶುರುವಾಗೋದೇ ಕೊಲಂಬಸ್‌ನಿಂದ. ಅವನು ಹೊರಟಿದ್ದು ನಮ್ಮ ಕರಿಮೆಣಸು ಹುಡುಕಿಕೊಂಡು, ಮುಟ್ಟಿದ್ದು ಕೆರಿಬಿಯನ್ ದ್ವೀಪಗಳನ್ನು. 1493ರ ಜನವರಿಯಲ್ಲಿ ತನ್ನ ದಿನಚರಿಯಲ್ಲಿ ಅಲ್ಲಿನ ಜನ ತಿನ್ನುವ ‘ಅಹಿ’ ಅನ್ನೋದರ ಬಗ್ಗೆ ಬರೆದ, ಅದು ಅವರ ಮೆಣಸು ಅಂದ. ಕರಿಮೆಣಸಿನ ಬಳ್ಳಿಗೂ ಈ ಗಿಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಇದು ಟೊಮ್ಯಾಟೊ, ಬದನೆಕಾಯಿಯ ಕುಟುಂಬದ್ದು. ಆದರೂ ಪೆಪ್ಪರ್ ಅನ್ನೋ ಹೆಸರು ಅಂಟಿಕೊಂಡೇ ಬಿಡ್ತು. ಕೊಲಂಬಸ್‌ನನ್ನು ನೋಡಿ ನಗಬೇಡಿ, ನಾವೂ ಮಾಡಿದ್ದು ಅದನ್ನೇ. ಪೋರ್ಚುಗೀಸರ ಹಡಗಿನಲ್ಲಿ ಇದು ಪಶ್ಚಿಮ ಕರಾವಳಿಗೆ ಬಂದಿಳಿದಾಗ ನಮ್ಮ ಹತ್ತಿರ ಖಾರಕ್ಕೆ ಇದ್ದದ್ದು ಮೆಣಸು. ಹೊಸದು ಕಾಯಿಯ ಆಕಾರದಲ್ಲಿತ್ತು. ಸರಿ, ಮೆಣಸಿನಕಾಯಿ! ಪಾಪ, ಹಳೇ ಮೆಣಸು ತನ್ನ ಹೆಸರು ಉಳಿಸಿಕೊಳ್ಳೋದಕ್ಕೆ ‘ಕರಿ’ ಅಂತ ಹಿಂದೆ ಸೇರಿಸಿಕೊಳ್ಳಬೇಕಾಯ್ತು.

ಇನ್ನೊಂದು ಇದೆ, ಇದು ಎಲ್ಲಕ್ಕಿಂತ ದೊಡ್ಡದು. ಜಗತ್ತಿನ ಅತಿ ಖಾರದ ಮೆಣಸಿನಕಾಯಿಗಳು ಬಹುಪಾಲು ಒಂದೇ ಜಾತಿಗೆ ಸೇರಿದ್ದು. ಅದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. 1776ರಲ್ಲಿ ವಿಯೆನ್ನಾದಲ್ಲಿದ್ದ ನಿಕೊಲಾಸ್ ಯಾಕ್ವಿನ್ ಅನ್ನುವ ಸಸ್ಯಶಾಸ್ತ್ರಜ್ಞ, ಇದು ಚೀನಾದಿಂದ ಬಂದದ್ದು ಅಂತ ನಂಬಿ ಅದಕ್ಕೆ ‘ಕ್ಯಾಪ್ಸಿಕಂ ಚೈನೆನ್ಸ್’ ಅಂತ ನಾಮಕರಣ ಮಾಡಿದ. ಚೀನಾದ ಗಾಳಿಯೂ ಸೋಕದ ಗಿಡಕ್ಕೆ ಚೀನಾದ ಹೆಸರು. ಇವತ್ತಿಗೂ ವಿಜ್ಞಾನದ ಪುಸ್ತಕದಲ್ಲಿ ಹಾಗೇ ಇದೆ, ಯಾರೂ ತಿದ್ದಿಲ್ಲ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಗೇಟಿನ ಹುಡುಗನೇ. ಬೆಂಗಳೂರಿನ ಬೀದಿಯಲ್ಲಿ ಅವನನ್ನು ಜನ ಚೀನಾದವನಾ, ನೇಪಾಳಿನಾ ಅಂತ ಕೇಳ್ತಾರಲ್ಲ, ಅದು.

ಹೆಸರಿನದು ಹೀಗಾಯ್ತು. ಇನ್ನು ಅಳತೆಯ ವಿಷಯಕ್ಕೆ ಬರೋಣ.

ಖಾರವನ್ನು ಅಳೆಯೋದು ಹೇಗೆ ಸ್ವಾಮಿ? ಅಕ್ಕಿಯಾದ್ರೆ ಸೇರಿದೆ, ಬಟ್ಟೆಯಾದ್ರೆ ಗಜ ಇದೆ. 1912ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಪಾರ್ಕ್-ಡೇವಿಸ್ ಅನ್ನುವ ಔಷಧ ಕಂಪನಿಯಲ್ಲಿದ್ದ ವಿಲ್ಬರ್ ಸ್ಕೋವಿಲ್ ಒಂದು ದಾರಿ ಕಂಡುಹಿಡಿದ. ಒಣಮೆಣಸಿನಕಾಯಿಯ ಸಾರ ತೆಗೆದು, ಅದಕ್ಕೆ ಸಕ್ಕರೆ ನೀರು ಬೆರೆಸುತ್ತಾ ಹೋಗೋದು. ನಾಲಿಗೆಗೆ ಖಾರ ಇನ್ನೇನು ತಿಳಿಯದೇ ಹೋಗುತ್ತೆ ಅನ್ನುವಾಗ ಎಷ್ಟು ಪಟ್ಟು ನೀರು ಸೇರಿತು ಅಂತ ಲೆಕ್ಕ ಹಾಕೋದು. ಅದೇ ಸ್ಕೋವಿಲ್ ಮಾನ. ನಾಲಿಗೆಯೇ ಯಂತ್ರ, ನೋಡಿ! ಈಗ ಕಾಲ ಬದಲಾಗಿದೆ. ಎಚ್‌ಪಿಎಲ್‌ಸಿ ಅನ್ನೋ ಯಂತ್ರದಲ್ಲಿ ಕ್ಯಾಪ್ಸೈಸಿನ್ ಅಂಶ ಎಷ್ಟಿದೆ ಅಂತ ನೇರವಾಗಿ ಅಳೆದು, ಅದನ್ನು ಗುಣಿಸಿ ಸ್ಕೋವಿಲ್ ಲೆಕ್ಕಕ್ಕೆ ತರ್ತಾರೆ. ನಮ್ಮ ಮಲೆನಾಡು, ತುಳುನಾಡಿನವರಿಗೆ ಗೊತ್ತಿರುವ ಜೀರಿಗೆ ಮೆಣಸು, ಗಾಂಧಾರಿ ಮೆಣಸು ಇದೆಯಲ್ಲ, ಆ ಬಗೆಯ ಪುಟಾಣಿಗಳ ಖಾರ ಸಾಮಾನ್ಯವಾಗಿ 50,000ದಿಂದ 1 ಲಕ್ಷ ಮಾನ. ಅದನ್ನು ತಿಂದವರಿಗೇ ಕಣ್ಣಲ್ಲಿ ನೀರು ಬರುತ್ತೆ. 1994ರಿಂದ ಹತ್ತು ಹನ್ನೆರಡು ವರ್ಷ ವಿಶ್ವದಾಖಲೆ ಇದ್ದದ್ದು ಕ್ಯಾಲಿಫೋರ್ನಿಯಾದ ರೆಡ್ ಸವೀನಾ ಅನ್ನೋ ತಳಿಯ ಹೆಸರಲ್ಲಿ. ಅದರ ಅಂಕಿ 5,77,000.

ಈಗ ಕೇಳಿ. 2000ನೇ ಇಸವಿಯಲ್ಲೇ ನಮ್ಮ ರಕ್ಷಣಾ ಇಲಾಖೆಯ ವಿಜ್ಞಾನಿಗಳು ಅಸ್ಸಾಮಿನ ತೇಜ್‌ಪುರ ಕಡೆಯ ಮೆಣಸಿನಕಾಯಿಯನ್ನು ಅಳೆದು 8,55,000 ಸ್ಕೋವಿಲ್ ಇದೆ ಅಂತ ಪ್ರಕಟಿಸಿದ್ದರು. ದಾಖಲೆಗಿಂತ ಎಷ್ಟೋ ಮುಂದೆ. ಎಲ್ಲಿ ಪ್ರಕಟಿಸಿದರು ಗೊತ್ತಾ? ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. 1932ರಿಂದ ಬರ್ತಾ ಇರೋ ಪತ್ರಿಕೆ ಅದು, ಬೆಂಗಳೂರಿನದು. ಸದಾಶಿವನಗರದ ಸಿ.ವಿ. ರಾಮನ್ ರಸ್ತೆಯಲ್ಲಿ ಅದರ ಕಚೇರಿ. ನಾನು ದೆವ್ವ ಕುಣಿಸಿದ ಸ್ಟುಡಿಯೋದಿಂದ ಆಟೋದಲ್ಲಿ ಹೋಗಿಬರುವಷ್ಟು ದೂರ! ಜಗತ್ತಿನ ಅತಿ ಖಾರದ ಮೆಣಸಿನಕಾಯಿಯ ಸುದ್ದಿ ನಮ್ಮೂರಲ್ಲೇ ಅಚ್ಚಾಗಿ ಏಳು ವರ್ಷ ಆಗಿತ್ತು. ನಮಗ್ಯಾರಿಗೂ ಗೊತ್ತಿರಲಿಲ್ಲ. ಹೊರಗಿನ ತಜ್ಞರು ಈ ಅಂಕಿ ನೋಡಿ ಅನುಮಾನಪಟ್ಟರು, ಒಂದೇ ಏಟಿಗೆ ಇಷ್ಟು ಹೆಚ್ಚಾಗೋದು ಸಾಧ್ಯವೇ ಅಂದರು. 2004ರಲ್ಲಿ ಫ್ರಂಟಲ್ ಅಗ್ರಿಟೆಕ್ ಅನ್ನೋ ಅಸ್ಸಾಮಿನದೇ ಕಂಪನಿ ಅಳತೆ ಮಾಡಿಸಿ 10,41,427 ಅಂತ ಹೇಳಿತು. ಆಗಲೂ ಗಿನ್ನೆಸ್ ಪುಸ್ತಕ ಬದಲಾಗಲಿಲ್ಲ.

ಅದು ಬದಲಾಗಿದ್ದು ನ್ಯೂ ಮೆಕ್ಸಿಕೊ ಸ್ಟೇಟ್ ಯೂನಿವರ್ಸಿಟಿಯ ಪಾಲ್ ಬಾಸ್ಲಂಡ್ ಅಳೆದ ಮೇಲೆ. ಭಾರತಕ್ಕೆ ಬಂದಿದ್ದ ಪರಿಚಿತರೊಬ್ಬರ ಮೂಲಕ 2001ರಲ್ಲಿ ಅವರಿಗೆ ಬೀಜ ಸಿಕ್ಕಿತು. ಈ ಗಿಡ ಕಾಯಿ ಬಿಡೋದು ಕಡಿಮೆ, ಕಾಯಲ್ಲಿ ಬೀಜವೂ ಕಡಿಮೆ. ಪ್ರಯೋಗಕ್ಕೆ ಸಾಕಾಗುವಷ್ಟು ಬೀಜ ಕೂಡಿಸೋದಕ್ಕೇ ವರ್ಷಗಟ್ಟಲೆ ಹಿಡೀತು. 2005ರಲ್ಲಿ ಬೇರೆ ಬೇರೆ ತಳಿಗಳನ್ನು ಒಂದೇ ಹೊಲದಲ್ಲಿ ಪಕ್ಕಪಕ್ಕ ಬೆಳೆಸಿ ಅಳೆದರು. ಭೋಟ್ ಜೊಲೊಕಿಯಾ 10,01,304. ಅದೇ ಹೊಲದಲ್ಲಿ ಹಳೇ ಚಾಂಪಿಯನ್ ರೆಡ್ ಸವೀನಾ ತೋರಿಸಿದ್ದು 2,48,556 ಮಾತ್ರ!

ಇಲ್ಲಿ ನಾನೊಂದು ಮಾತು ಹೇಳ್ಬೇಕು. ಸ್ಟುಡಿಯೋದಲ್ಲಿ ಕೂತು, ನೋಡಿದ್ರಾ ಅಮೆರಿಕದವರು ನಮ್ಮದನ್ನು ಕದ್ದರು ಅಂತ ಕೂಗೋದು ಬಹಳ ಸುಲಭ. ನಾನೂ ಅಂಥದ್ದು ಕೂಗಿದವನೇ. ಆದರೆ ಬಾಸ್ಲಂಡ್ ಕದಿಯಲಿಲ್ಲ. ಇದು ಭಾರತದ್ದು ಅಂತಲೇ ಬರೆದರು, ಹಳೆಯ ಹೆಸರೇ ಬಳಸಿದರು, ಎಲ್ಲರೂ ಒಪ್ಪುವ ಹಾಗೆ ಅಳೆದರು. ನಮ್ಮವರು ಇದನ್ನು ಬೇರೆ ಜಾತಿಯದು ಅಂದುಕೊಂಡಿದ್ದರು. ಎರಡು ಜಾತಿಗಳು ತಾವಾಗಿಯೇ ಬೆರೆತು ಹುಟ್ಟಿದ್ದು, ಹೆಚ್ಚಿನ ಪಾಲು ಚೈನೆನ್ಸ್‌ನದು ಅಂತ ವಂಶವಾಹಿ ನೋಡಿ ಹೇಳಿದ್ದೂ ಅವರೇ. ಬೇಸರ ಇರೋದು ಬೇರೆ ಕಡೆ. ಬೆಂಗಳೂರಿನಲ್ಲಿ ಅಚ್ಚಾದ ಭಾರತದ ಅಂಕಿಯನ್ನು ಬೆಂಗಳೂರಿನ ಟೀವಿಯವನು ನಂಬೋದಕ್ಕೆ ನ್ಯೂ ಮೆಕ್ಸಿಕೊದ ಮುದ್ರೆ ಬೇಕಾಯ್ತಲ್ಲ, ಅದು.

ಇನ್ನು ಆ ಕಡೆಯ ಜನಕ್ಕೆ ಈ ಅಂಕಿ ಬೇಕೇ ಇರಲಿಲ್ಲ. ನಾಗಾಲ್ಯಾಂಡ್‌ನಲ್ಲಿ ಇದು ರಾಜಾ ಮಿರ್ಚಾ. ಮಣಿಪುರದಲ್ಲಿ ಊ-ಮೊರೊಕ್, ಅಂದ್ರೆ ಮರದ ಮೆಣಸಿನಕಾಯಿ. ಅಸ್ಸಾಮಿನಲ್ಲಿ ಇನ್ನೊಂದು ಹೆಸರು ಬಿಹ್ ಜೊಲೊಕಿಯಾ, ವಿಷದ ಮೆಣಸಿನಕಾಯಿ. ಹೆಸರಿನಲ್ಲೇ ಎಚ್ಚರಿಕೆ ಇದೆ ನೋಡಿ. ಅಲ್ಲಿ ಇದನ್ನು ಗಟಗಟ ಅಗಿಯೋದಿಲ್ಲ. ಇಡೀ ಪಾತ್ರೆ ಹಂದಿ ಮಾಂಸದ ಅಡುಗೆಗೆ ಒಂದು ಕಾಯಿ, ಕೆಲವೊಮ್ಮೆ ಅರ್ಧ. ಹುದುಗಿಸಿದ ಸೋಯಾ ಕಾಳಿನ ಚಟ್ನಿಗೆ ಒಂದು ಚೂರು. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿಡ್ತಾರೆ, ಸಾಸಿವೆ ಎಣ್ಣೆಯಲ್ಲಿ ಉಪ್ಪಿನಕಾಯಿ ಹಾಕ್ತಾರೆ. ಖಾರದ ಜೊತೆಗೆ ಒಂದು ಸುವಾಸನೆ ಇದೆಯಂತಲ್ಲ, ಅದಕ್ಕಾಗಿ.

ನಾನೂ ಒಮ್ಮೆ ಗುವಾಹಟಿಯಲ್ಲಿ ಚುನಾವಣಾ ವರದಿಗೆ ಹೋದಾಗ ರುಚಿ ನೋಡಿದೆ. ಉಗುರಿನ ತುದಿಯಷ್ಟು. ಮೊದಲು ಹಣ್ಣಿನ ಪರಿಮಳ ಬಂತು, ಇಷ್ಟೇನಾ ಅಂದುಕೊಂಡೆ. ಐದಾರು ಸೆಕೆಂಡ್ ಕಳೀತು. ಆಮೇಲೆ ಗಂಟಲಲ್ಲಿ, ಕಿವಿಯಲ್ಲಿ, ನೆತ್ತಿಯಲ್ಲಿ... ನೀರು ಕುಡಿದೆ, ಇನ್ನೂ ಹೆಚ್ಚಾಯ್ತು. ಕ್ಯಾಪ್ಸೈಸಿನ್ ನೀರಲ್ಲಿ ಕರಗೋದಿಲ್ಲ, ಹಾಲು ಮೊಸರಿಗೆ ಜಗ್ಗುತ್ತೆ. ಹೋಟೆಲಿನ ಹುಡುಗ ಮೊಸರು ತಂದುಕೊಟ್ಟ. ಕ್ಯಾಮೆರಾಮನ್ ಅದನ್ನೆಲ್ಲ ಚಿತ್ರೀಕರಿಸಿಕೊಂಡಿದ್ದ. ಅದು ಪ್ರಸಾರ ಆಗದ ಹಾಗೆ ನೋಡಿಕೊಳ್ಳೋದಕ್ಕೆ ನಾನು ಪಟ್ಟ ಪಾಡು ಖಾರಕ್ಕಿಂತ ಹೆಚ್ಚು.

ಇಷ್ಟು ಖಾರ ಬಂದದ್ದು ಎಲ್ಲಿಂದ? ಖಾರ ಇರೋದು ಬೀಜದಲ್ಲಿ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ತಪ್ಪು. ಬೀಜ ಅಂಟಿಕೊಂಡಿರುತ್ತಲ್ಲ, ಆ ಬಿಳೀ ತಿರುಳಿನಲ್ಲಿ ಅದು ಹುಟ್ಟೋದು. ಆದರೆ ಭೋಟ್ ಜೊಲೊಕಿಯಾದಂಥ ಕಾಯಿಗಳಲ್ಲಿ ಕಾಯಿಯ ಒಳಗೋಡೆಯ ಮೇಲೆಲ್ಲ ಖಾರದ ಸಣ್ಣ ಸಣ್ಣ ಚೀಲಗಳಿರ್ತವೆ. ಇದನ್ನು 2015ರಲ್ಲಿ ತೋರಿಸಿದ್ದೂ ಬಾಸ್ಲಂಡ್ ತಂಡವೇ. ಉರಿ ಅನ್ನೋದು ಕೂಡ ನಿಜವಾದ ಉರಿಯಲ್ಲ. ಬಿಸಿ ತಗುಲಿದರೆ ಮಿದುಳಿಗೆ ಸುದ್ದಿ ಮುಟ್ಟಿಸುವ ಒಂದು ಬಾಗಿಲು ನಮ್ಮ ನರಗಳಲ್ಲಿದೆ. ಕ್ಯಾಪ್ಸೈಸಿನ್ ಅದೇ ಬಾಗಿಲು ತಟ್ಟುತ್ತೆ, ದೇಹ ಸುಟ್ಟಿತು ಅಂದುಕೊಳ್ಳುತ್ತೆ. 1997ರಲ್ಲಿ ಇದನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಹಕ್ಕಿಗಳಿಗೆ ಈ ಖಾರ ತಟ್ಟೋದಿಲ್ಲ. ಅವು ತಿಂದು ಬೀಜ ಹರಡಲಿ ಅನ್ನೋದು ಗಿಡದ ಲೆಕ್ಕಾಚಾರ.

ಒಂದು ಸಂಗತಿಯನ್ನಂತೂ ಯಾರೂ ಮರೀಬಾರದು. ಇದೇ ತೇಜ್‌ಪುರದ ಬೀಜವನ್ನು ಒಯ್ದು ಗ್ವಾಲಿಯರ್‌ನ ಒಣ ಹವೆಯಲ್ಲಿ ಬೆಳೆದು ನೋಡಿದರು ನಮ್ಮ ವಿಜ್ಞಾನಿಗಳು. ಖಾರ ಅರ್ಧಕ್ಕಿಂತಲೂ ಕೆಳಗೆ ಇಳೀತು. ಬೀಜ ಅದೇ, ಗಿಡ ಅದೇ. ಆ ಮಳೆ ಇಲ್ಲ, ಆ ಮಣ್ಣಿಲ್ಲ. ಅಂದರೆ ಆ ಖಾರದಲ್ಲಿ ಊರಿನ ಪಾಲೂ ಇದೆ.

ಗಿನ್ನೆಸ್ ದಾಖಲೆ ಬಂದ ಮೇಲೆ ಏನಾಯ್ತು? ಓಟದ ಪಂದ್ಯ ಶುರುವಾಯ್ತು. 2011ರಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ಇನ್ಫಿನಿಟಿ ದಾಖಲೆ ಮುರೀತು. ಅದನ್ನು ನಾಗಾ ವೈಪರ್ ಮುರೀತು, ಅದೂ ಇಂಗ್ಲೆಂಡಿನದೇ. ಅದೇ ವರ್ಷ ಟ್ರಿನಿಡಾಡ್ ಸ್ಕಾರ್ಪಿಯನ್ 14,63,700ಕ್ಕೆ ಹೋಯ್ತು. 2013ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದ ಎಡ್ ಕರಿ ಅನ್ನುವವರ ಕ್ಯಾರೊಲಿನಾ ರೀಪರ್ ಬಂತು, ಮುಂದೆ ಅದರ ಅಂಕಿ 16,41,183. 2023ರ ಅಕ್ಟೋಬರ್‌ನಲ್ಲಿ ಅವರದೇ ಪೆಪ್ಪರ್ ಎಕ್ಸ್, 26,93,000. ಭೋಟ್ ಜೊಲೊಕಿಯಾ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಇಳಿದುಹೋಯ್ತು.

ಆದರೆ ಈ ಹೊಸ ಚಾಂಪಿಯನ್‌ಗಳ ವಂಶ ನೋಡಿ. ನಾಗಾ ವೈಪರ್ ಹೆಸರಲ್ಲೇ ನಾಗಾ ಇದೆ. ರೀಪರ್‌ನ ತಂದೆ ತಾಯಿ ಯಾರು? ಕೆರಿಬಿಯನ್‌ನ ಸೇಂಟ್ ವಿನ್ಸೆಂಟ್ ದ್ವೀಪದ ಒಂದು ಹಬನೇರೊ, ಪಾಕಿಸ್ತಾನದಿಂದ ಬಂದ ಒಂದು ನಾಗಾ ಮೆಣಸಿನಕಾಯಿ. ಇದು ಕರಿ ಅವರೇ ಹೇಳಿಕೊಂಡಿರೋದು. ಅಂದರೆ ಮೊಮ್ಮಕ್ಕಳು ಮರಿಮಕ್ಕಳು ದಾಖಲೆ ಮಾಡ್ತಿದ್ದಾರೆ, ಅಜ್ಜಿ ಮನೆಯವರಿಗೆ ಸುದ್ದಿಯೇ ಇಲ್ಲ. ಇನ್ನೂ ಸ್ವಾರಸ್ಯ ಇದೆ. ರೀಪರ್‌ನ ಹೆಸರು, ಬೀಜ ಎಲ್ಲ ಕಂಡಕಂಡವರು ಬಳಸಿ ದುಡ್ಡು ಮಾಡಿಕೊಂಡರು ಅಂತ ಕರಿ ನೊಂದುಕೊಂಡರು, ವಕೀಲರನ್ನು ಇಟ್ಟರು. ಅದಕ್ಕೇ ಪೆಪ್ಪರ್ ಎಕ್ಸ್‌ನ ಬೀಜವನ್ನೂ ಕಾಯಿಯನ್ನೂ ಅವರು ಮಾರುತ್ತಿಲ್ಲ. ಸಾಸ್ ಬೇಕಾದ್ರೆ ಕೊಳ್ಳಿ, ಬೀಜ ಕೇಳಬೇಡಿ. ಅವರ ನೋವು ನನಗೆ ಅರ್ಥ ಆಗುತ್ತೆ. ವರ್ಷಗಟ್ಟಲೆ ಕಷ್ಟಪಟ್ಟು ಬೆಳೆಸಿದ್ದಾರೆ. ಆದರೆ ತಲೆಮಾರುಗಟ್ಟಲೆ ಬೀಜ ಎತ್ತಿಟ್ಟು, ಒಳ್ಳೇ ಕಾಯಿ ಆರಿಸಿ, ಮಗಳ ಮನೆಗೆ ಸೊಸೆಯ ಮನೆಗೆ ಹಂಚುತ್ತಾ ಬಂದ ಗುಡ್ಡಗಾಡಿನ ಹೆಂಗಸರು ಯಾವ ವಕೀಲರ ಹತ್ತಿರ ಹೋಗಬೇಕಿತ್ತು?

ನಮ್ಮ ಸರ್ಕಾರ ಈ ಮೆಣಸಿನಕಾಯಿಯನ್ನು ಏನು ಮಾಡಿತು ಅಂದ್ರೆ, ಆಯುಧ ಮಾಡಿತು. 2010ರಲ್ಲಿ ತೇಜ್‌ಪುರದ ರಕ್ಷಣಾ ಪ್ರಯೋಗಾಲಯದವರು ಮೆಣಸಿನಕಾಯಿ ಗ್ರೆನೇಡ್ ಸಿದ್ಧ ಅಂದರು. ಅದಕ್ಕೂ ಮುಂಚೆ 2007ರಲ್ಲಿ ಅಸ್ಸಾಮಿನಲ್ಲಿ ಆನೆಗಳು ಹೊಲಕ್ಕೆ ನುಗ್ಗದ ಹಾಗೆ ಗ್ರೀಸಿಗೆ ಇದರ ಪುಡಿ ಕಲಸಿ ಹಗ್ಗದ ಬೇಲಿಗೆ ಬಳಿದು ನೋಡಿದ್ದರು. ಖಾರದ ಆಯುಧ ಅಂದಾಗ ನನಗೆ 2014ರ ಫೆಬ್ರವರಿ 13 ನೆನಪಾಗದೇ ಇರೋದಿಲ್ಲ. ತೆಲಂಗಾಣ ಮಸೂದೆಯ ಗಲಾಟೆಯಲ್ಲಿ ವಿಜಯವಾಡದ ಸಂಸದ ಎಲ್. ರಾಜಗೋಪಾಲ್ ಲೋಕಸಭೆಯೊಳಗೇ ಪೆಪ್ಪರ್ ಸ್ಪ್ರೇ ಹೊಡೆದರಲ್ಲ! ನಾನು ಲೈವ್‌ನಲ್ಲಿದ್ದೆ. ಸಂಸದರು ಕೆಮ್ಮುತ್ತಾ, ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಓಡಿ ಬರ್ತಿದ್ದಾರೆ, ಕೆಲವರನ್ನು ಆಸ್ಪತ್ರೆಗೆ ಒಯ್ಯುತ್ತಿದ್ದಾರೆ. ಪೆಪ್ಪರ್ ಸ್ಪ್ರೇ ಅಂದ್ರೆ ಕರಿಮೆಣಸು ಅಂದುಕೊಂಡು ನಾನು ಅವತ್ತು ಇನ್ನೊಂದು ತಪ್ಪು ಹೇಳಿದೆ. ಅದೂ ಮೆಣಸಿನಕಾಯಿಯ ಕ್ಯಾಪ್ಸೈಸಿನ್ನೇ. ಕೊಲಂಬಸ್‌ನ ಕಾಟ ನೋಡಿ, ಇಂದ್ರಪ್ರಸ್ಥದವರೆಗೂ ಬಂತು.

ತಮಾಷೆ ಸಾಕು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 14 ವರ್ಷದ ಹುಡುಗನೊಬ್ಬ ಸತ್ತುಹೋದ. ಒಂದೇ ಒಂದು ಚಿಪ್ಸ್ ತಿನ್ನುವ ಸವಾಲು. ಅದರಲ್ಲಿ ರೀಪರ್ ಮತ್ತು ನಾಗಾ ವೈಪರ್ ಪುಡಿ ಇತ್ತು. ಹುಡುಗನಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇತ್ತು, ಅತಿಯಾದ ಕ್ಯಾಪ್ಸೈಸಿನ್ ತಿಂದ ಮೇಲೆ ಹೃದಯ ನಿಂತಿತು ಅಂತ ಶವಪರೀಕ್ಷೆ ಹೇಳಿತು. ಅದಕ್ಕೂ ಮೊದಲು, 2018ರಲ್ಲಿ, ಸ್ಪರ್ಧೆಯಲ್ಲಿ ಒಂದು ರೀಪರ್ ತಿಂದ 34 ವರ್ಷದ ವ್ಯಕ್ತಿಗೆ ಮಿದುಳಿನ ರಕ್ತನಾಳ ಸಂಕುಚಿತಗೊಂಡು ಸಿಡಿಲು ಬಡಿದಂಥ ತಲೆನೋವು ಬಂದದ್ದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ಆ ಹುಡುಗನ ಸುದ್ದಿ ಓದಿದ ದಿನ ನಾನು ನಮ್ಮ ಹಳೇ ಟೇಪುಗಳನ್ನು ತೆಗೆಸಿ ನೋಡಿದೆ. ಖಾರ ತಿಂದು ಒದ್ದಾಡುವ ಹುಡುಗರ ವೈರಲ್ ವಿಡಿಯೋ ಎಷ್ಟು ಸಲ ತೋರಿಸಿದ್ದೀವಿ, ಎಷ್ಟು ಸಲ ನಾನು ನಕ್ಕಿದ್ದೀನಿ. ಒಂದರಲ್ಲೂ ಎಚ್ಚರಿಕೆಯ ಒಂದು ಸಾಲಿಲ್ಲ. ಆಮೇಲೆ ಅಂಥ ವಿಡಿಯೋ ನನ್ನ ಕಾರ್ಯಕ್ರಮದಲ್ಲಿ ಬಂದಿಲ್ಲ. ಬೇರೆ ಬುಲೆಟಿನ್‌ಗಳ ಮಾತು ನನ್ನ ಕೈಲಿಲ್ಲ.

ರೈತರಿಗೆ ಏನು ಸಿಕ್ಕಿತು ಅನ್ನೋದಕ್ಕೆ ಬರ್ತೀನಿ. 2008ರಲ್ಲಿ ನಾಗಾ ಮಿರ್ಚಾಗೆ ಭೌಗೋಳಿಕ ಗುರುತು, ಅದೇ ಜಿಐ ಟ್ಯಾಗ್ ಅಂತೀವಲ್ಲ, ಅದು ಸಿಕ್ಕಿತು. ಒಳ್ಳೆಯದೇ. ಆದರೆ ತಾಜಾ ಕಾಯಿ ಲಂಡನ್‌ಗೆ ವಿಮಾನ ಹತ್ತಿದ್ದು 2021ರ ಜುಲೈನಲ್ಲಿ. ಪೆರೆನ್ ಜಿಲ್ಲೆಯ ತೆನಿಂಗ್‌ನಲ್ಲಿ ಬೆಳೆದು, ಗುವಾಹಟಿಯಲ್ಲಿ ಪ್ಯಾಕ್ ಮಾಡಿ ಕಳಿಸಿದರು. ಗುರುತು ಸಿಕ್ಕಿ 13 ವರ್ಷ ಆಗಿತ್ತು. ಅಷ್ಟರಲ್ಲಿ ಗೋಸ್ಟ್ ಪೆಪ್ಪರ್ ಹೆಸರಿನ ಸಾಸು, ಚಿಪ್ಸು, ಬರ್ಗರ್ ಅಮೆರಿಕದ ಅಂಗಡಿಗಳಲ್ಲಿ ಮಾಮೂಲಿಯಾಗಿ ಹೋಗಿತ್ತು. ಹಣ್ಣಾದ ಕಾಯಿ ಬೇಗ ಕೊಳೆಯುತ್ತೆ. ಗುಡ್ಡದ ದಾರಿ, ಮಳೆಗಾಲದ ಭೂಕುಸಿತ, ಶೀತಲ ಗೋದಾಮಿಲ್ಲ. ಗುರುತಿನ ಪತ್ರ ಕೊಟ್ಟವರು ರಸ್ತೆ ಕೊಡಲಿಲ್ಲ.

ಇದು ಎಲ್ಲೋ ದೂರದ ಕಥೆ ಅನ್ನಬೇಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ 2011ರಲ್ಲಿ ಅದೇ ಗುರುತು ಬಂತು. ಅದರ ಗುಣ ತದ್ವಿರುದ್ಧ, ಖಾರ ಕಮ್ಮಿ, ಬಣ್ಣ ಹೆಚ್ಚು. ಅದರ ಬಣ್ಣದ ಎಣ್ಣೆ ತೆಗೆದು ತಿಂಡಿಗೂ ತುಟಿಗೂ ಹಚ್ಚುತ್ತಾರೆ. ಅಲ್ಲೂ ಅಳತೆ ಹಾಕುವವರು ಬೇರೆ, ಬೆಳೆಯುವವರು ಬೇರೆ. 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರು ಕಚೇರಿಗೂ ವಾಹನಗಳಿಗೂ ಬೆಂಕಿ ಇಟ್ಟರು. ಬೆಂಕಿ ಇಟ್ಟದ್ದು ತಪ್ಪು, ಅವತ್ತೇ ಹೇಳಿದ್ದೀನಿ. ಆದರೆ ಗುರುತು ಸಿಕ್ಕ ಬೆಳೆಯ ರೈತ ಅದೇ ಮಾರುಕಟ್ಟೆಗೆ ಯಾಕೆ ಬೆಂಕಿ ಇಡ್ತಾನೆ ಅನ್ನೋ ಪ್ರಶ್ನೆ ಕೇಳೋದಕ್ಕೆ ನಮಗೆ ಅವತ್ತು ಸಮಯ ಇರಲಿಲ್ಲ, ಬೆಂಕಿಯ ದೃಶ್ಯ ಇತ್ತು.

ನಮ್ಮ ಗೇಟಿನ ಹುಡುಗನ ಕಥೆ ಹೇಳದೆ ಉಳೀತು. 2012ರ ಆಗಸ್ಟ್ ನೆನಪಿದೆಯಾ? ಈಶಾನ್ಯದವರ ಮೇಲೆ ದಾಳಿ ಆಗುತ್ತೆ ಅಂತ ಎಸ್ಸೆಮ್ಮೆಸ್ಸಿನಲ್ಲಿ ಸುಳ್ಳು ಸುದ್ದಿ ಹಬ್ಬಿ, ಸ್ವಾತಂತ್ರ್ಯ ದಿನದಂದೇ ಬೆಂಗಳೂರಿನಿಂದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯ್ತು. ನಾನು ಸಿಟಿ ರೈಲು ನಿಲ್ದಾಣದಲ್ಲಿ ಮೈಕ್ ಹಿಡಿದು ನಿಂತಿದ್ದೆ. ಏನೂ ಆಗೋದಿಲ್ಲ, ಹೋಗಬೇಡಿ ಅಂತ ಮಂತ್ರಿಗಳು, ಪೊಲೀಸರು ಹೇಳ್ತಾನೇ ಇದ್ದರು. ಆ ಜನಸಾಗರದಲ್ಲಿ ಇವನೂ ಕಂಡ. ಯೂನಿಫಾರ್ಮ್ ಬಿಚ್ಚಿರಲಿಲ್ಲ, ಭುಜದ ಮೇಲೆ ಒಂದು ಚೀಲ. ಯಾಕಪ್ಪಾ ಅಂದೆ. ಅಮ್ಮ ಫೋನಿನಲ್ಲಿ ಅಳ್ತಾ ಇದ್ದಾರೆ ಸರ್, ಅಂದ. ಮೈಕ್ ಮುಂದೆ ಹಿಡಿದೆ, ಬೇಡ ಅಂತ ಕೈ ಆಡಿಸಿದ. ರೈಲು ಹೊರಟುಹೋಯ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಗೇಟಿನಲ್ಲಿ ಮತ್ತೆ ಅದೇ ಸಲ್ಯೂಟ್. ಪತ್ರಿಕೆಯಲ್ಲಿ ಸುತ್ತಿದ ಒಂದು ಗಾಜಿನ ಬಾಟಲಿ ಕೈಗೆ ಕೊಟ್ಟ. ಸಾಸಿವೆ ಎಣ್ಣೆಯಲ್ಲಿ ಮುಳುಗಿದ ಕೆಂಪು ಕಾಯಿಗಳು, ಮುಚ್ಚಳದ ಮೇಲೆ ಗಾಯಕ್ಕೆ ಹಚ್ಚುವ ಬಿಳೀ ಪ್ಲಾಸ್ಟರ್, ಅದರ ಮೇಲೆ ಬಾಲ್ ಪೆನ್ನಿನಲ್ಲಿ ಅಸ್ಸಾಮಿ ಅಕ್ಷರ. ಅಮ್ಮ ಬರೆದದ್ದಂತೆ. ಓದಪ್ಪಾ ಅಂದೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಚಮಚದ ತುದಿಯಷ್ಟೇ ಸರ್, ಹೆಚ್ಚು ಬೇಡ ಅಂತ ಎರಡು ಸಲ ಹೇಳಿದ. ಮೊಸರನ್ನದ ಜೊತೆ ಹಾಗೇ ತಿಂದೆ. ಆ ಬಾಟಲಿ ಎರಡು ವರ್ಷ ಬಂತು.